ಹನ್ನೊಂದನೆಯ ಬಾಗಿಲು

ಡಿಸೆಂಬರ್ ಏಳು, ರವಿವಾರ, ಮಧ್ಯಾಹ್ನ ಎರಡು ಗಂಟೆ. ಸ್ಥಳ: ಬಾಗಲಕೋಟೆ ನವನಗರ, ನಮ್ಮ ಪ್ರೌಢಶಾಲೆಯ ಸಭಾಭವನ. ಹಾಜರಿದ್ದವರು ನಾಲ್ವರು. ಆ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯನಾದ ನಾನು; ಹೋದ ತಿಂಗಳು ತೀರಿಕೊಂಡ ನಮ್ಮ ಡ್ರಾಯಿಂಗ್ ಮಾಸ್ತರರ ಒಬ್ಬಳೇ ಮಗಳು; ಊರಿನ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದ, ಈಗ ವಯಸ್ಸಾದ ಪೇಂಟರ್; ಮತ್ತು ಕೀಲಿಗೊಂಚಲು ಹಿಡಿದುಕೊಂಡು ನಿಂತಿದ್ದ ಶಾಲೆಯ ಸಿಪಾಯಿ. ಸರಿಯಾಗಿ ಐದಕ್ಕೆ ಕೀಲಿ ಹಾಕುತ್ತೇನೆ ಎಂದು ಅವನು ಮೊದಲೇ ತಿಳಿಸಿದ್ದ. ಅದು ನಾನೇ ಹಾಕಿಕೊಟ್ಟ ಪದ್ಧತಿ.

ಗೋಡೆಯ ಮೇಲಿದ್ದ ಚಿತ್ರವನ್ನು ಸಿಪಾಯಿ ಮತ್ತು ಪೇಂಟರ್ ಸೇರಿ ಇಳಿಸಿ, ಕಿಟಕಿಯ ಎದುರು ಎರಡು ಬೆಂಚುಗಳ ಮೇಲೆ ನಿಲ್ಲಿಸಿದರು. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ, ಎಣ್ಣೆಬಣ್ಣ. ಹಿನ್ನೀರಿನಲ್ಲಿ ಮುಳುಗಿಹೋದ ಹಳೇ ಊರಿನ ಚೌಕು. ಕೆಳಗೆಲ್ಲ ಹಳದಿ, ನೇರಳೆ, ಇಟ್ಟಿಗೆಗೆಂಪಿನ ಮಚ್ಚೆಗಳು. ಅವುಗಳ ಮೇಲೆ ಕಪ್ಪು ಗೆರೆ. ಪ್ರತಿ ಅಂಗಡಿಯ ನೆತ್ತಿಗೆ ಹೆಸರು. ಹದಿನೇಳು ಮನೆ, ಹದಿನೇಳು ಕಾವಿಬಣ್ಣದ ಬಾಗಿಲು. ಬಾಗಿಲಿಗೆ ಎರಡು ಕದ, ಕದಕ್ಕೊಂದು ಬಳೆ. ಎಲ್ಲವೂ ಮುಚ್ಚಿದ್ದವು.

ಮಗಳು ಎಡದಿಂದ ಬಲಕ್ಕೆ ಒಂದು ಸಲ, ಬಲದಿಂದ ಎಡಕ್ಕೆ ಒಂದು ಸಲ ನೋಡಿದಳು.

"ಯಾವುದ್ರೀ ಸರ್? ಎಲ್ಲಾ ಒಂದ ನಮೂನಿ ಅದಾವಲ್ಲ."

ಅವಳು ಹುನಗುಂದದ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್. ನಿವೃತ್ತಿಯ ನಂತರ ಮಾಸ್ತರರು ಅವಳ ಮನೆಯಲ್ಲೇ ಇದ್ದರು. ಅವರು ತೀರಿಕೊಂಡ ಮೂರನೆಯ ದಿನ ನಾನು ಏಳು ಹತ್ತರ ಬಸ್ಸಿಗೆ ಅಲ್ಲಿಗೆ ಹೋಗಿ ಬಂದೆ. ಆಗ ಅವಳು ಹೇಳಿದ್ದು ಇಷ್ಟು: ಕೊನೆಯ ವಾರ ಅಪ್ಪ ಒಂದೇ ಮಾತನ್ನು ಮತ್ತೆ ಮತ್ತೆ ಆಡಿದ. "ಚೌಕಿನ್ಯಾಗ ಒಂದ ಬಾಗಲಾ ಉಳದಿತ್ತು. ಅದರಾಗ ನಿಮ್ಮವ್ವ ನಿಂತಾಳ. ಸಾಲ್ಯಾಗ ಐತಿ ಚಿತ್ರ." ತಾಯಿ ಸತ್ತಾಗ ಅವಳಿಗೆ ನಾಲ್ಕು ವರ್ಷ. ಮುಖ ನೆನಪಿಲ್ಲ. ಇದ್ದ ಒಂದೇ ಮದುವೆಯ ಫೋಟೋ ಮನೆ ಬದಲಿಸುವಾಗ ತೇವ ಹಿಡಿದು ಮೂಗಿನಿಂದ ಮೇಲೆ ಬೆಳ್ಳಗಾಗಿದೆ. "ಚಿತ್ರದಾಗರ ಒಮ್ಮೆ ನೋಡ್ತೇನ್ರಿ ಸರ್. ನೀವು ಕೇಳಿದ್ರ ಸಾಲಿಯವರು ತಗದು ತೋರಿಸ್ತಾರ," ಎಂದಿದ್ದಳು.

ತೋರಿಸೋಣ ಎಂದೆ. ಆದರೆ ಆ ಚಿತ್ರದಲ್ಲಿ ಅವಳ ತಾಯಿ ಯಾಕೆ ಕಾಣುವುದಿಲ್ಲ ಎಂಬುದು ಬದುಕಿರುವವರಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಒಬ್ಬ ಪೇಂಟರ್, ಇನ್ನೊಬ್ಬ ನಾನು.

ಮೊದಲು ಮಾಸ್ತರರ ವಿಷಯ ಹೇಳಬೇಕು.

ನಮ್ಮ ಶಾಲೆಯಲ್ಲಿ ಪ್ರಾರ್ಥನೆ ಹತ್ತು ಗಂಟೆ ಐದು ನಿಮಿಷಕ್ಕೆ. ಅವರು ಬರುವುದು ಹತ್ತು ಎಂಟಕ್ಕೆ. ಏಳಕ್ಕಲ್ಲ, ಒಂಬತ್ತಕ್ಕಲ್ಲ. ತಡವಾಗಿ ಬರುವುದರಲ್ಲೂ ಇಂಥ ಶಿಸ್ತಿದ್ದವರನ್ನು ನಾನು ಬೇರೆ ಕಂಡಿಲ್ಲ.

"ಏನ್ರೀ ಮಾಸ್ತರ, ಮನಿ ಇಲ್ಲೇ ಚೌಕಿನ್ಯಾಗ. ದಿನಾ ಮೂರು ನಿಮಿಷ ಎಲ್ಲಿ ಕಳೀತೀರಿ?" ಎಂದು ಒಂದು ದಿನ ಗೇಟಿನಲ್ಲೇ ನಿಲ್ಲಿಸಿ ಕೇಳಿದೆ.

"ಚೌಕು ದಾಟೂಮುಂದ ಬಿಸಲು ಎಲ್ಲಿಗೆ ಬಂದೈತಿ ಅಂತ ಒಮ್ಮೆ ನೋಡ್ತೇನ್ರಿ ಸರ್."

"ನಿನ್ನಿ ಎಲ್ಲಿತ್ತೋ ಅಲ್ಲೇ ಇರತೈತಿ."

"ಇಲ್ರಿ. ನಿನ್ನಿ ಭಜಿ ಅಂಗಡಿ ಮೆಟ್ಟಲದಾಗ ಮೂರನೇ ಪಾವಟಗಿ ಮ್ಯಾಲಿತ್ತು. ಇವತ್ತ ನಾಕನೇದಕ್ಕ ಏರೈತಿ."

ಹಾಜರಿ ಪುಸ್ತಕದಲ್ಲಿ ನಾನು ಕೆಂಪು ಶಾಯಿಯಿಂದ 'ತಡ' ಎಂದು ಬರೆಯುತ್ತಿದ್ದೆ. ಅವರು ಅದರ ಪಕ್ಕದಲ್ಲಿ ಸಹಿ ಹಾಕುತ್ತಿದ್ದರು. ಒಂದು ಸಲ ಆ ಅಕ್ಷರಗಳನ್ನೇ ನೋಡುತ್ತ ನಿಂತು, "ಈ ಶಾಯಿ ಭಾಳ ಛಲೋ ಐತ್ರಿ ಸರ್, ಎಲ್ಲಿ ತಗೊಂಡ್ರಿ?" ಎಂದು ಕೇಳಿದರು. ಹಾಸ್ಯಕ್ಕಲ್ಲ. ಅವರಿಗೆ ನಿಜವಾಗಿ ಆ ಕೆಂಪು ಬೇಕಾಗಿತ್ತು. ಒಂದು ಬಾಟಲಿ ಕೊಡಿಸಿದೆ.

ಗೆರೆಯನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಎಂಟನೆಯ ತರಗತಿಯ ಮೇಜಿನ ಮೇಲೆ ಮಾವಿನಹಣ್ಣು ಇಟ್ಟು, ಪೆನ್ಸಿಲ್ ತೆಗೆದ ಹುಡುಗರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. "ಹಣ್ಣಿನ ಸುತ್ತ ಗೆರಿ ಎಲ್ಲೈತಿ, ಬಂದು ತೋರಿಸ್ರಿ ನೋಡೂಣು. ಇಲ್ಲಿ ಹಳದಿ ಮುಗೀತು, ಅಲ್ಲಿ ಕತ್ತಲಿ ಶುರು ಆತು, ಅಷ್ಟ." ಹುಡುಗರು ಬಂದು ಹಣ್ಣನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಗೆರೆ ಸಿಗುತ್ತಿರಲಿಲ್ಲ. ಪಾಠ ಮುಗಿಯುವ ಹೊತ್ತಿಗೆ ಹಣ್ಣೂ ಇರುತ್ತಿರಲಿಲ್ಲ. ಡ್ರಾಯಿಂಗ್ ಗ್ರೇಡ್ ಪರೀಕ್ಷೆಯಲ್ಲಿ ಪಕ್ಕದ ಶಾಲೆಯವರು ಮುಂದೆ ಹೋದಾಗ ನಾನು ಕಾರಣ ಕೇಳಿ ಚೀಟಿ ಕಳಿಸಿದೆ. ಚೀಟಿಯ ಹಿಂದೆ ಮಾವಿನಹಣ್ಣೊಂದು ಬಂತು. ಉತ್ತರ ಬರಲಿಲ್ಲ.

ಯಾವುದನ್ನಾದರೂ ನೋಡಬೇಕಾದರೆ ಕಣ್ಣು ಅರ್ಧ ಮುಚ್ಚಿ ನೋಡುತ್ತಿದ್ದರು. ಅದಕ್ಕೇ ಹುಡುಗರು 'ನಿದ್ದಿ ಮಾಸ್ತರ' ಎಂದು ಹೆಸರಿಟ್ಟಿದ್ದರು. ಬಾದಾಮಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಗುಹೆಗಳ ಮುಂದೆ ಕೂರಿಸಿ ಶಿಲ್ಪ ಬರೆಸಬೇಕೆಂದು ಸೂಚನೆ ಕೊಟ್ಟಿದ್ದೆ. ಹನ್ನೊಂದೂವರೆಗೆ ಹೋಗಿ ನೋಡುತ್ತೇನೆ, ಅರವತ್ತು ಮಕ್ಕಳೂ ಗುಹೆಗೆ ಬೆನ್ನು ಹಾಕಿ ಕೂತಿದ್ದಾರೆ.

"ಗುಹಾ ಎಲ್ಲೂ ಹೋಗಂಗಿಲ್ರಿ ಸರ್," ಎಂದರು ಮಾಸ್ತರರು. "ಆಚೀ ಗುಡ್ಡದ ಮ್ಯಾಲಿನ ಬಣ್ಣ ಇನ್ನ ಹತ್ತು ನಿಮಿಷಕ್ಕ ಹೊಂಟ ಹೋಗತೈತಿ. ನೀವೂ ಒಮ್ಮೆ ಕಣ್ಣ ಸಣ್ಣ ಮಾಡಿ ನೋಡ್ರಿ."

ನೋಡಿದೆ. ಗುಡ್ಡ, ಕೆರೆ, ದಂಡೆಯ ಮೇಲಿನ ಗುಡಿ, ಬಟ್ಟೆ ಒಗೆಯುವ ಹೆಂಗಸರು ಎಲ್ಲ ಕಲಸಿ ಒಂದೇ ಕೆಂಪಾಗಿ ಅಲ್ಲಾಡಿತು. ಯಾವುದು ಎಲ್ಲಿ ಮುಗಿಯುತ್ತದೆ ಎಂಬುದೇ ತಿಳಿಯಲಿಲ್ಲ. ನನಗೆ ಭಯವಾಯಿತು. ಕಣ್ಣು ಬಿಟ್ಟು ಮಕ್ಕಳ ತಲೆ ಎಣಿಸಿದೆ. ಅರವತ್ತೂ ಇದ್ದವು. ಬರುವಾಗ ಕುಳಗೇರಿ ಕ್ರಾಸ್‌ನಲ್ಲಿ ಬಸ್ಸು ನಿಂತಾಗ ಅವರು ಆ ಗುಡ್ಡದ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ತಿದ್ದುತ್ತಿದ್ದರು. ನೋಡದೆ ಕುಂಚವನ್ನು ನನ್ನ ಚಹಾದ ಕಪ್ಪಿನಲ್ಲಿ ಅದ್ದಿದರು. ನಾನು ಏನೋ ಹೇಳುವ ಮೊದಲೇ, "ತಡೀರಿ, ಈ ಚಾದ ಬಣ್ಣನ ಬೇಕಾಗಿತ್ತು ನನಗ," ಎಂದು ಮತ್ತೊಮ್ಮೆ ಅದ್ದಿದರು.

ಇಂಥವರಿಗೆ ನಾನು ಚೌಕಿನ ಚಿತ್ರ ಬರೆಯಲು ಹೇಳಿದೆ.

ಆಗ ಊರು ಬಿಡುವ ಕಾಲ. ಅಣೆಕಟ್ಟಿನ ನೀರು ಬರುವುದು ಖಚಿತವಾಗಿತ್ತು. ಶಾಲೆಯೂ ನವನಗರಕ್ಕೆ ಹೋಗಬೇಕು. ಹೊಸ ಸಭಾಭವನದ ಉದ್ಘಾಟನೆಯ ದಿನ ಗೋಡೆಯ ಮೇಲೆ ಹಳೇ ಚೌಕು ಇರಲಿ, ಮುಂದಿನ ಮಕ್ಕಳಿಗೆ ಗೊತ್ತಾಗಲಿ ಎಂಬುದು ನನ್ನ ವಿಚಾರ. ತಪ್ಪಾಗಬಾರದೆಂದು ಒಂದು ಪಟ್ಟಿ ಟೈಪ್ ಮಾಡಿಸಿಕೊಟ್ಟೆ. ಪೂರ್ವದಿಂದ ಶುರು ಮಾಡಿ ಹದಿನೇಳು ಮನೆ, ಅಂಗಡಿ. ಕ್ರಮಸಂಖ್ಯೆ, ಹೆಸರು, ಬಾಗಿಲಿನ ಅಗಲ. ಹನ್ನೊಂದನೆಯದು ಅವರದೇ ಮನೆ. ಮಾಸ್ತರರು ಪಟ್ಟಿಯನ್ನು ಗೌರವದಿಂದ ತೆಗೆದುಕೊಂಡರು. ಎರಡು ದಿನದ ನಂತರ ಹೋಗಿ ನೋಡಿದರೆ ಅದು ನಾಲ್ಕು ಮಡಿಕೆಯಾಗಿ ಚಿತ್ರದ ಸ್ಟ್ಯಾಂಡಿನ ಕುಂಟು ಕಾಲಿನ ಕೆಳಗಿತ್ತು.

"ಭಾಳ ಉಪಯೋಗಾತ್ರಿ ಸರ್. ಈಗ ಅಲ್ಲಾಡೂದಿಲ್ಲ," ಎಂದರು.

ದಿನಾ ಸಂಜೆ ನಾಲ್ಕೂವರೆಯಿಂದ ಆರರವರೆಗೆ ಅವರು ಅಲ್ಲಿ ನಿಂತು ಬರೆದರು. ಅದೇ ದಿನಗಳಲ್ಲಿ ಚೌಕಿನವರು ಬಾಗಿಲು ಕೀಳುತ್ತಿದ್ದರು. ಮನೆಯ ಗೋಡೆ ಸರಕಾರದ್ದಾಯಿತು, ಬಾಗಿಲು ನಮ್ಮದು ಎಂಬುದು ಜನರ ಲೆಕ್ಕ. ಹಿರಿಯರ ಕಾಲದ ಸಾಗವಾನಿ ಬಾಗಿಲುಗಳು. ಕೀಳುವ ಮೊದಲು ಮನೆಯ ಹೆಣ್ಣುಮಕ್ಕಳು ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ಗಂಡಸರು ಹಾರೆ ಹಾಕುತ್ತಿದ್ದರು. ಚೌಕಟ್ಟಿನ ಸಮೇತ ಎದ್ದ ಬಾಗಿಲನ್ನು ನಾಲ್ಕು ಮಂದಿ ಹೆಗಲು ಕೊಟ್ಟು ಟ್ರ್ಯಾಕ್ಟರಿಗೆ ಸಾಗಿಸುತ್ತಿದ್ದರು. ಹೊಸ ಮನೆಗೆ ಕೆಲವು ಹೊಂದಲಿಲ್ಲ. ಇಟ್ಟಿಗೆಯ ಮೇಲಿಟ್ಟು ಮಂಚ ಮಾಡಿಕೊಂಡವರನ್ನು ನಾನು ಬಲ್ಲೆ. ಚೌಕಿನ ಹಿಂದಿನ ಓಣಿಯಲ್ಲಿದ್ದ ನನ್ನ ಮನೆಯ ಬಾಗಿಲನ್ನೂ ನಾನು ಕೀಳಿಸಿ ವಿದ್ಯಾಗಿರಿಯ ಹೊಸ ಮನೆಗೆ ತಂದೆ. ಈಗಲೂ ಇದೆ. ಒಂದು ಗೇಣು ಗಿಡ್ಡ. ಮೇಲೆ ಹಲಗೆ ಹೊಡೆಸಿದ್ದೇನೆ.

ಮಾಸ್ತರರ ಬಾಗಿಲು ಮಾತ್ರ ಇದ್ದಲ್ಲೇ ಇತ್ತು. ಅವರ ಹೆಂಡತಿಗೆ ಮೈ ಸರಿ ಇರಲಿಲ್ಲ, ಎಬ್ಬಿಸಿ ಸಾಗಿಸುವಂತಿರಲಿಲ್ಲ. ಮಗಳನ್ನು ಹುನಗುಂದದಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಚಿತ್ರದ ಸ್ಟ್ಯಾಂಡನ್ನು ತಮ್ಮ ಮನೆಯ ಎದುರಿಗೇ ಇಟ್ಟುಕೊಂಡಿದ್ದರು. ಅಲ್ಲಿ ನೆರಳಿದೆ, ಅದಕ್ಕೇ ಎಂದು ನಾನು ತಿಳಿದಿದ್ದೆ. ಒಳಗಿನಿಂದ ಕರೆದರೆ ಕೇಳಿಸಲಿ ಎಂದು ಇಟ್ಟಿದ್ದರು ಎಂಬುದು ನನಗೆ ಹೊಳೆದದ್ದು ಹೋದ ತಿಂಗಳು, ಹುನಗುಂದದ ಬಸ್ಸಿನಲ್ಲಿ.

ಚಿತ್ರವನ್ನು ಅವರು ಹೇಳಿದ ದಿನಕ್ಕೆ ತಂದು ಒಪ್ಪಿಸಿದರು. ನನಗೆ ಸಿಟ್ಟು ಬಂತು. ಮಚ್ಚೆಗಳು. ಹತ್ತಿರ ಹೋದರೆ ಏನೂ ಇಲ್ಲ. ದೂರ ನಿಂತರೆ ಚೌಕು ಇತ್ತು, ಸಂಜೆಯ ಬಿಸಿಲು ಕಟ್ಟೆ ಕಟ್ಟೆಗಳ ಮೇಲೆ ಏರಿತ್ತು, ಆದರೆ ಪ್ರತಿ ಮನೆಯ ಮುಖದ ಮೇಲೂ ಒಂದು ಕಪ್ಪು ತೂತು.

"ಬಾಗಲಾ ಯಾಕ ಬರದಿಲ್ರಿ ಮಾಸ್ತರ?"

"ಇದ್ದಿಲ್ರಿ ಸರ್. ಇದ್ದದ್ದು ಒಂದು. ಅದನ್ನ ಬರದೀನಿ."

ಯಾವುದು ಎಂದು ನಾನು ಕೇಳಲಿಲ್ಲ. ನನಗೆ ಹನ್ನೆರಡಕ್ಕೆ ಕಮಿಟಿಯವರ ಮೀಟಿಂಗ್ ಇತ್ತು.

ಆ ವಾರದಲ್ಲೇ ಅವರ ಹೆಂಡತಿ ತೀರಿಕೊಂಡರು. ಮಾಸ್ತರರು ರಜೆಯ ಮೇಲೆ ಹೋದರು.

ಉದ್ಘಾಟನೆಗೆ ಎರಡು ದಿನ ಉಳಿದಾಗ ಚೌಕಿನ ಹಳಬರು ನಾಲ್ಕೈದು ಮಂದಿ ಹೊಸ ಸಭಾಭವನಕ್ಕೆ ಬಂದು ಚಿತ್ರದ ಮುಂದೆ ನಿಂತರು.

"ನಮ್ಮ ಅಂಗಡಿ ಎಲ್ಲೈತ್ರಿ?" ಎಂದರು ಭಜಿ ಅಂಗಡಿಯವರು.

"ಅಗೋ, ಆ ಹಳದಿ," ಎಂದೆ.

"ಅದು ಅಂಗಡೀನೋ, ಕಡಾಯಿ ಎಣ್ಣೀನೋ?"

"ಸುಮ್ನಿರಲೇ," ಎಂದ ಅವರ ಗೆಳೆಯ ದರ್ಜಿ. "ನಿನ್ನ ಅಂಗಡ್ಯಾಗ ಹೊಗಿ ಬಿಟ್ರ ಬ್ಯಾರೆ ಏನ್ ಕಾಣತಿತ್ತು? ಮಾಸ್ತರ ಖರೇನ ಬರದಾನ."

ನಕ್ಕರು. ನಗದಿದ್ದವರು ಬಟ್ಟೆ ಅಂಗಡಿಯ ಹಿರಿಯರು ಒಬ್ಬರೇ. ಬಹಳ ಹೊತ್ತು ನೋಡಿ ಅವರು ಹೇಳಿದರು: "ಸರ್, ಬಾಗಲಾ ಇಲ್ಲದ ಮನಿ ಅಂದ್ರ ಹೆಣದ ಬಾಯಿ ಇದ್ದಂಗ. ಹೊಸಾ ಹಾಲಿನ್ಯಾಗ ಇದನ್ನ ತೂಗ ಹಾಕ್ತೀರೇನ್ರಿ? ನಮ್ಮ ಬಾಗಲಾ ನಾವ ಕಿತಗೊಂಡು ಬಂದೀವಿ ಅಂತ ದಿನಾ ನಮಗ ತೋರಸೂದೇನು?"

ನಾನೂ ಬಾಗಿಲು ಕಿತ್ತುಕೊಂಡು ಬಂದವನೇ. ಜನರು ಹೇಳಿದರು, ಮಾಡಿಸಿದೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅದು ಪೂರ್ತಿ ನಿಜವಲ್ಲ. ಆ ಕಪ್ಪು ತೂತುಗಳನ್ನು ನೋಡಲಾಗದೆ ಇದ್ದವರಲ್ಲಿ ನಾನೇ ಮೊದಲಿಗ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಪೇಂಟರನ್ನು ಕರೆಸಿ ಪಟ್ಟಿಯ ಇನ್ನೊಂದು ಪ್ರತಿ ಕೈಗೆ ಕೊಟ್ಟೆ. ಗೆರೆ ಹಾಕು, ಹೆಸರು ಬರೆ, ಹದಿನೇಳಕ್ಕೂ ಬಾಗಿಲು ಹಚ್ಚು ಎಂದೆ. ಊಟದ ಹೊತ್ತಿಗೆ ಕೆಲಸ ಮುಗಿಯಿತು. ಆ ಹೊತ್ತಿನಲ್ಲಿ ಮಾಸ್ತರರ ಮನೆಯಲ್ಲಿ ಹೆಂಡತಿಯ ಉತ್ತರಕ್ರಿಯೆಯ ಶಿವಗಣಾರಾಧನೆ ನಡೆದಿತ್ತು. ಎರಡಕ್ಕೆ ನಾನು ಅಲ್ಲಿಗೆ ಹೋಗಿ ಪ್ರಸಾದ ತೆಗೆದುಕೊಂಡೆ. ಚಿತ್ರದ ವಿಷಯ ಎತ್ತಲಿಲ್ಲ.

ರಜೆ ಮುಗಿಸಿ ಬಂದ ದಿನ ಅವರು ಸಭಾಭವನದಲ್ಲಿ ಚಿತ್ರದ ಮುಂದೆ ನಿಂತರು. ಕಣ್ಣು ಸಣ್ಣ ಮಾಡಲಿಲ್ಲ. ಪೂರಾ ತೆರೆದು ನೋಡಿದರು. ಆಮೇಲೆ ನನ್ನ ಕೋಣೆಗೆ ಬಂದರು.

"ಎಲ್ಲಾ ಬಾಗಲಾ ಹಚ್ಚಿಸೀರಿ, ಸರ್."

"ಹೌದ್ರಿ. ಜನಾ ಕೇಳಿದ್ರು."

"ಇರ್ಲಿ ಬಿಡ್ರಿ. ಇನ್ನ ಯಾರೂ ಹೊರಗ ಬರೂದಿಲ್ಲ."

ದುಃಖದಲ್ಲಿದ್ದಾರೆ, ಏನೋ ಅಂದರು ಎಂದುಕೊಂಡು ನಾನು ಕಾಗದ ನೋಡತೊಡಗಿದೆ.

ಮರುದಿನದಿಂದ ಅವರು ಹತ್ತು ಗಂಟೆಗೇ ಬಂದರು. ನಿವೃತ್ತಿಯವರೆಗೆ ಒಂದು ದಿನವೂ ತಡ ಮಾಡಲಿಲ್ಲ. ನವನಗರದಲ್ಲಿ ಬಿಸಿಲು ನೋಡುವುದಕ್ಕೆ ಪಾವಟಿಗೆ ಇರಲಿಲ್ಲವೋ, ನೋಡುವುದೇ ಬೇಡವಾಗಿತ್ತೋ. ಮಕ್ಕಳಿಗೆ ಪೆನ್ಸಿಲ್ ಹಿಡಿಸಿ, ಹಣ್ಣಿನ ಸುತ್ತ ಗೆರೆ ಹಾಕಿಸಿ, ಒಳಗೆ ಬಣ್ಣ ತುಂಬಿಸಿದರು. ಗ್ರೇಡ್ ಪರೀಕ್ಷೆಯಲ್ಲಿ ನಮ್ಮ ಶಾಲೆ ಮುಂದೆ ಬಂತು. ಅವರ ಬಗೆಗಿನ ಗುಪ್ತ ವರದಿಯಲ್ಲಿ ನಾನು ನನ್ನ ಕೈಯಾರೆ 'ಗಣನೀಯ ಸುಧಾರಣೆ ಕಂಡಿದೆ' ಎಂದು ಬರೆದೆ. ಒಬ್ಬ ಮನುಷ್ಯನನ್ನು ಸರಿಪಡಿಸಿದೆ ಎಂಬ ಸಮಾಧಾನ ಆಗ ನನಗಿತ್ತು.

ಇಷ್ಟನ್ನೂ ಆ ರವಿವಾರ ಚಿತ್ರದ ಮುಂದೆ ನಿಂತು ಮಗಳಿಗೆ ಹೇಳಿದೆ. ಕೂತು ಹೇಳುವ ಮಾತಾಗಿರಲಿಲ್ಲ. ಹನ್ನೊಂದನೆಯ ಬಾಗಿಲನ್ನು ಬೆರಳಿಟ್ಟು ತೋರಿಸಿದೆ. "ಇದು ನಿಮ್ಮ ಮನಿ. ಇದರ ಮ್ಯಾಲೆ ಬಾಗಲಾ ಹಚ್ಚಿಸಿದಾಂವ ನಾನ, ತಂಗಿ."

ಅವಳು ಬಗ್ಗಿ ಆ ಬಾಗಿಲನ್ನು ಹತ್ತಿರದಿಂದ ನೋಡಿದಳು. ಮಾತಾಡಿದವರು ಪೇಂಟರ್.

"ಸರ್, ಒಂದು ಮಾತ ಬಿಟ್ರಿ."

"ಯಾವುದು?"

"ನಾ ಕೇಳಿದ್ದೆ ನಿಮ್ಮನ್ನ. ಹನ್ನೊಂದನೇದಕ್ಕ ಬಂದಾಗ. ಇಲ್ಲೊಂದು ನೀಲಿ ಬಾಗಲಾ ಮದಲ ಐತ್ರಿ, ನಡುವ ಏನೋ ಕೆಂಪ ಹಚ್ಯಾರ, ಇದನ್ನ ಬಿಡ್ಲೇನ್ರಿ ಅಂದೆ. ನೀವು ಕೈಗಡಿಯಾರ ನೋಡಿ, ಎಲ್ಲಾ ಒಂದ ನಮೂನಿ ಇರ್ಲಿ, ಲಗೂ ಮುಗಸು ಅಂದ್ರಿ." ಆಮೇಲೆ ಮಗಳ ಕಡೆ ತಿರುಗಿ, "ನಂದೂ ತಪ್ಪೈತ್ರಿ ಅಕ್ಕಾರ. ಹಚ್ಚಿದ ಕೈ ನಂದ," ಎಂದರು.

ಅವರು ಹೇಳಿದ್ದು ನಿಜ. ಅದನ್ನು ನಾನು ಬಿಟ್ಟಿದ್ದೆ. ಮರೆತು ಬಿಟ್ಟದ್ದಲ್ಲ.

ಮಗಳು ನನ್ನನ್ನು ನೋಡಿದಳು. "ಅಪ್ಪ ನಿಮ್ಮನ್ನ ಒಂದ ದಿನಾನೂ ಬೈದಿಲ್ರಿ. ಹೆಡ್ ಮಾಸ್ತರ ವ್ಯಾಳ್ಯಾದ ಮನಷ್ಯಾ, ಅಂತಿದ್ದ. ಅಷ್ಟ." ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅದು ಅವಳಿಗೂ ಗೊತ್ತಾಗಿರಬೇಕು, ಅವಳೂ ಬೈಯಲಿಲ್ಲ. ಪೇಂಟರ್ ಕಡೆ ತಿರುಗಿ, "ಇದು ತಗದ್ರ ಬರತೈತೇನ್ರಿ?" ಎಂದಳು.

"ಆಯಿಲ್ ಪೇಂಟ್ ಅಕ್ಕಾರ. ಥಿನ್ನರ್ ಹಚ್ಚಿ ತಿಕ್ಕಿದ್ರ ಬರತೈತಿ. ಆದ್ರ ಕೆಳಗಿಂದೂ ಬರತೈತಿ. ನಂದು ಯಾವುದು, ಮಾಸ್ತರದು ಯಾವುದು ಅಂತ ಥಿನ್ನರಿಗೇನ್ ಕಣ್ಣ ಅದಾವೇನು?"

"ಮೂಲ್ಯಾಗ ಒಂದೀಟು ನೋಡೂಣ್ರಿ. ಕೈ ನಾ ಹಗರ ಹಿಡೀತೇನಿ."

ಅವಳ ಚೀಲದಲ್ಲಿ ಹತ್ತಿ ಇತ್ತು, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಇತ್ತು. ಪೇಂಟರ್ ತಂದಿದ್ದ ಡಬ್ಬಿಯಲ್ಲಿ ಥಿನ್ನರ್ ಇತ್ತು. ಕಡ್ಡಿಗೆ ಹತ್ತಿ ಸುತ್ತಿ ಅವಳು ಬೆಂಚಿನ ಮುಂದೆ ಮೊಣಕಾಲೂರಿದಳು. ಒಣಗಿದ ಗಾಯದ ಮೇಲಿನ ಪಟ್ಟಿ ಬಿಚ್ಚುವ ಹಾಗೆ, ಒತ್ತದೆ, ಒಂದೇ ದಿಕ್ಕಿಗೆ ಒರೆಸಿದಳು. ಮೊದಲ ಹತ್ತಿಗೆ ಧೂಳು ಬಂತು. ಎರಡನೆಯದಕ್ಕೆ ಕಪ್ಪು ಗೆರೆ ಬಂತು. ಮೂರು, ನಾಲ್ಕು, ಐದಕ್ಕೆ ಕಾವಿ. ಮೂರೂಮುಕ್ಕಾಲರ ಹೊತ್ತಿಗೆ ಕದದ ಅಂಚಿನಲ್ಲಿ ಒಂದು ಬೆರಳಿನಷ್ಟು ಜಾಗ ತೆರೆಯಿತು. ತಿಳಿ ನೀಲಿ. ಮಾಸ್ತರರ ಮನೆಯ ಬಾಗಿಲಿನ ನೀಲಿ ಅದೇ. ನನಗೆ ಗುರುತು ಸಿಕ್ಕಿತು.

ಅವಳು ಹೊಸ ಹತ್ತಿ ಸುತ್ತಿ ಒಂದು ನೂಲಿನಷ್ಟು ಒಳಗೆ ಸರಿದಳು. ಒರೆಸಿ ತೆಗೆದಾಗ ಹತ್ತಿ ಕೆಂಪಾಗಿತ್ತು.

"ಇದು ನಿಮ್ಮ ಕಾವೀದೋ, ಅವ್ವನ ಸೀರೀದೋ?" ಎಂದು ಪೇಂಟರಿಗೆ ಹಿಡಿದು ತೋರಿಸಿದಳು. ಅವರು ಕನ್ನಡಕ ಏರಿಸಿ ಇಳಿಸಿ ನೋಡಿದರು. ಕಿಟಕಿಗೆ ಒಯ್ದು ನೋಡಿದರು. ನಾನೂ ನೋಡಿದೆ.

"ಹೇಳಾಕ ಬರೂದಿಲ್ರಿ ಅಕ್ಕಾರ. ಸುಳ್ಳ ಯಾಕ ಹೇಳ್ಲಿ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಆ ಕೆಂಪು ಹತ್ತಿಯನ್ನು ಗಾಜ್ ಬಟ್ಟೆಯಲ್ಲಿ ಮಡಿಚಿ ಚೀಲದ ಒಳಜೇಬಿನಲ್ಲಿ ಇಟ್ಟಳು. ಉಳಿದ ಹತ್ತಿಗಳನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದಳು. "ಸಾಕ್ರಿ," ಎಂದಳು. "ಇಷ್ಟ ತಗದದ್ದು ಇರ್ಲಿ."

ನಾನು ಹಿಂದಕ್ಕೆ ಸರಿದು ಕಣ್ಣು ಸಣ್ಣ ಮಾಡಿ ನೋಡಿದೆ. ಬಾದಾಮಿಯ ನಂತರ ಅದೇ ಎರಡನೆಯ ಸಲ. ಅಂಗಡಿಗಳ ಹೆಸರು ಕರಗಿದವು. ಗೆರೆಗಳೂ ಕರಗಿದವು. ಸಂಜೆಯ ಬಿಸಿಲು ಭಜಿ ಅಂಗಡಿಯ ಪಾವಟಿಗೆಯ ಮೇಲೆ ಕಾಣಿಸಿತು, ಎಷ್ಟನೆಯದೆಂದು ಎಣಿಸಬಹುದಾಗಿತ್ತು. ಬಾಗಿಲುಗಳು ಮಾತ್ರ ಕರಗಲಿಲ್ಲ.

"ಸರ್," ಎಂದಳು ಮಗಳು, ಕೈ ಒರೆಸಿಕೊಳ್ಳುತ್ತ. "ನೀವು ನಮ್ಮವ್ವನ್ನ ನೋಡಿದ್ರೇನು?"

ನೋಡಿದ್ದೆ. ಅದನ್ನೂ ಹೇಳಿದೆ. ಚಿತ್ರ ಎಲ್ಲಿಗೆ ಬಂತೆಂದು ನೋಡಲು ಚೌಕಿಗೆ ಹೋದ ಒಂದು ಸಂಜೆ, ಐದು ಗಂಟೆಗೆ, ನೀಲಿ ಬಾಗಿಲಿನ ಒಂದು ಕದ ತೆರೆದು ಅವರು ಹೊರಗೆ ಬಂದರು. ಎಡಗೈಯಲ್ಲಿ ಚೌಕಟ್ಟು ಹಿಡಿದುಕೊಂಡಿದ್ದರು, ನಿಲ್ಲುವುದಕ್ಕೆ ಆಸರೆ ಬೇಕಾಗಿತ್ತು. ಇಳಕಲ್ ಸೀರೆ. ಕೆಂಪು ಸೆರಗನ್ನು ಬಲ ಹೆಗಲ ಮೇಲೆ ಹೊದ್ದಿದ್ದರು. ಉದ್ದ ಮುಖ, ಅಗಲ ಹಣೆ, ಇವಳ ಹಣೆಯಂಥದೇ. ಮಾಸ್ತರರು ಕುಂಚ ಹಿಡಿದವರು ಹಾಗೇ ನಿಂತುಬಿಟ್ಟರು. ಬಹಳ ದಿನದ ಮೇಲೆ ಹೆಂಡತಿ ಎದ್ದು ಬಂದಿದ್ದರೆಂದು ಕಾಣುತ್ತದೆ.

"ಏನಾರ ಮಾತಾಡಿದ್ಲೇನ್ರಿ?"

"ಒಳಗ ಬರ್ರಿ ಸರ್, ಚಾ ಮಾಡ್ತೇನಿ ಅಂದ್ರು."

"ಕುಡದ್ರೇನ್ರಿ?"

"ಇಲ್ಲ, ತಂಗಿ. ವ್ಯಾಳ್ಯಾ ಇಲ್ಲ ಅಂದೆ."

ಅವಳು ಥಿನ್ನರ್ ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ, "ಧ್ವನಿ ಹೆಂಗಿತ್ರಿ?" ಎಂದಳು. ಸಣ್ಣದಿತ್ತು, ಆದರೆ ಸ್ಪಷ್ಟ ಇತ್ತು ಎಂದೆ. ಅದಕ್ಕಿಂತ ಹೆಚ್ಚು ನನ್ನ ಬಳಿ ಇರಲಿಲ್ಲ. ಒಳಗೆ ಹೋಗಿ ಕೂತಿದ್ದರೆ ಇರುತ್ತಿತ್ತು.

ಐದಕ್ಕೆ ಹತ್ತು ನಿಮಿಷ ಇದ್ದಾಗ ಚಿತ್ರವನ್ನು ತಿರುಗಿಸಿ ಹಿಡಿಯಲು ಸಿಪಾಯಿಗೆ ಹೇಳಿದೆ. ಈಗಿನ ಮುಖ್ಯೋಪಾಧ್ಯಾಯರ ಒಪ್ಪಿಗೆಯನ್ನು ಹಿಂದಿನ ದಿನವೇ ಪಡೆದಿದ್ದೆ. ಹಿಂಬದಿಯ ಬಟ್ಟೆಯ ಮೇಲೆ, ನೀರಿಗೆ ಅಳಿಸದ ಪೆನ್ನಿನಿಂದ ಬರೆದೆ:

'ಈ ಚಿತ್ರದ ಕಪ್ಪು ಗೆರೆ, ಹೆಸರುಗಳು ಮತ್ತು ಹದಿನೇಳು ಬಾಗಿಲುಗಳು ಡ್ರಾಯಿಂಗ್ ಮಾಸ್ತರರವಲ್ಲ. ಅವರು ರಜೆಯಲ್ಲಿದ್ದಾಗ, ಅವರನ್ನು ಕೇಳದೆ, ನಾನು ಬರೆಸಿದ್ದು. ಅವರು ಬರೆದ ದಿನಗಳಲ್ಲಿ ಚೌಕಿನಲ್ಲಿ ಒಂದೇ ಬಾಗಿಲು ಉಳಿದಿತ್ತು. ಅದು ಪೂರ್ವದಿಂದ ಹನ್ನೊಂದನೆಯದು, ನೀಲಿ, ತೆರೆದದ್ದು. ಅದರಲ್ಲಿ ಮಾಸ್ತರರ ಹೆಂಡತಿ ನಿಂತಿದ್ದಾರೆ. ಇಳಕಲ್ ಸೀರೆ, ಕೆಂಪು ಸೆರಗು, ಎಡಗೈ ಚೌಕಟ್ಟಿನ ಮೇಲೆ. ನಾನು ಕಣ್ಣಾರೆ ನೋಡಿದ್ದೇನೆ.'

ಸಹಿ ಹಾಕಿದೆ. ಪೇಂಟರ್ ಸಾಕ್ಷಿಯ ಸಹಿ ಹಾಕಿದರು. ಬೋರ್ಡ್ ಬರೆದ ಕೈ, ಆ ಹೊತ್ತಿಗೆ ಅಕ್ಷರ ಸೊಟ್ಟ ಬಂತು. ಮಗಳು ಓದಿದಳು. 'ಎಡಗೈ' ಎಂಬಲ್ಲಿ ಅವಳ ಬೆರಳು ತುಸು ನಿಂತಿತು.

ಸಿಪಾಯಿ ಕೀಲಿಗೊಂಚಲು ಅಲ್ಲಾಡಿಸಿದ. "ಸರ್, ಟೈಮ್ ಆತ್ರಿ."

"ತಡಿಯಪ್ಪಾ," ಎಂದೆ. ಚಿತ್ರವನ್ನು ಗೋಡೆಗೆ ಏರಿಸಿ, ನೆಟ್ಟಗಾಗಿದೆಯೇ ಎಂದು ನೋಡಿ, ನಾಲ್ವರೂ ಹೊರಗೆ ಬಂದೆವು. ಅವನು ಕೀಲಿ ಹಾಕಿ ಪುಸ್ತಕ ಮುಂದೆ ಹಿಡಿದ. ಸಭಾಭವನ ಮುಚ್ಚಿದ ಸಮಯವನ್ನು ಅದರಲ್ಲಿ ಬರೆಯಬೇಕು. ಆ ದಿನ ಮುಗಿದ ಕೊನೆಯ ಕೆಲಸ ಅದು. ಬರೆದೆ: ಐದು ಗಂಟೆ ಮೂರು ನಿಮಿಷ.